ದಂಡಿಗೆ ಮುಂಚೆ ಹೋದವರು

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ನೊಣವಿನಕೆರೆ ಸಿಗುತ್ತದೆ. ಉತ್ತರಕ್ಕೆ ಚಿಕ್ಕನಾಯಕನಹಳ್ಳಿ, ಅದರಾಚೆ ಶಿರಾ. ದಕ್ಷಿಣಕ್ಕೆ ನಾಗಮಂಗಲ, ಮೇಲುಕೋಟೆ, ಶ್ರೀರಂಗಪಟ್ಟಣ. ಹದಿನೆಂಟನೆಯ ಶತಮಾನದಲ್ಲಿ ಶಿರಾದ ಮೊಗಲ್ ಸುಬೇದಾರರು, ಹಾಗಲವಾಡಿಯ ಪಾಳೆಯಗಾರರು, ಮೈಸೂರಿನ ಒಡೆಯರು, ಆಗಾಗ ಇಳಿದು ಬರುತ್ತಿದ್ದ ಮರಾಠರು ಎಲ್ಲರೂ ಕಣ್ಣಿಟ್ಟಿದ್ದ ಸೀಮೆ ಇದು. ದಂಡು ಬರುತ್ತದೆಂದರೆ ಊರವರಿಗೆ ಮೊದಲು ಕಾಣುತ್ತಿದ್ದುದು ಆನೆಯೂ ಅಲ್ಲ, ತೋಪೂ ಅಲ್ಲ. ದಂಡಿಗಿಂತ ಒಂದೆರಡು ದಿನ ಮುಂಚೆಯೇ ನಾಲ್ಕಾರು ಸವಾರರೋ ಬರಿಗಾಲಿನ ಬೇಡರೋ ಬಂದು ಕೆರೆಯಲ್ಲಿ ನೀರೆಷ್ಟಿದೆ, ಬಣವೆ ಎಷ್ಟಿವೆ, ತೋಪಿನ ಗಾಲಿ ಹೂಳದೆ ಹೋಗುವ ದಾರಿ ಯಾವುದು ಎಂದು ನೋಡಿಕೊಂಡು ಹೋಗುತ್ತಿದ್ದರು.

ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಮಾತು ಬಂದಾಗ ನಾವು ಬಾಣಗಳನ್ನು, ಅಂದರೆ ಆ ಕಾಲದ ರಾಕೆಟ್ಟುಗಳನ್ನು, ಹೊಗಳುತ್ತೇವೆ. ಫ್ರೆಂಚರು ತಿದ್ದಿದ ಕಾಲ್ದಳವನ್ನು ನೆನೆಯುತ್ತೇವೆ. ಆದರೆ ಮೈಸೂರು ಗೆದ್ದ ದೊಡ್ಡ ಗೆಲುವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಶತ್ರು ಎಲ್ಲಿದ್ದಾನೆಂದು ಮೈಸೂರಿಗೆ ಗೊತ್ತಿತ್ತು, ಮೈಸೂರು ಎಲ್ಲಿದೆಯೆಂದು ಶತ್ರುವಿಗೆ ಗೊತ್ತಿರಲಿಲ್ಲ ಎಂಬುದೇ ಬಹುಪಾಲು ಕಡೆ ಎದ್ದು ಕಾಣುತ್ತದೆ. ಈ ಕೆಲಸ ಮಾಡಿದವರು ಬೇಡ ಕಾಲಾಳುಗಳು, ಸುದ್ದಿ ತರುವ ಹರಿಕಾರರು ಮತ್ತು ಹಗುರ ಕುದುರೆಸವಾರರು. ಅವರನ್ನು ಆರಿಸಿದ ಬಗೆ, ಪಳಗಿಸಿದ ಬಗೆ, ಕೊನೆಗೆ ಕೈಬಿಟ್ಟ ಬಗೆ ಇವುಗಳಲ್ಲಿ ಮೈಸೂರಿನ ಏಳುಬೀಳಿನ ಒಂದು ಮುಖ್ಯ ಎಳೆ ಇದೆ.

ಕತೆ ಶುರುವಾಗುವುದು 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ. ಸರ್ವಾಧಿಕಾರಿ ನಂಜರಾಜಯ್ಯನ ದಂಡಿನಲ್ಲಿದ್ದ ಹೈದರನ ಧೈರ್ಯ ಆಗ ಮೇಲಿನವರ ಕಣ್ಣಿಗೆ ಬಿತ್ತು. ಐವತ್ತು ಕುದುರೆ, ಇನ್ನೂರು ಕಾಲಾಳು ಅವನ ಕೈಕೆಳಗೆ ಬಂದವು. ಜೊತೆಗೆ, ಬೇಕಾದವರನ್ನು ಸೇರಿಸಿಕೊಳ್ಳುವ ಅಪ್ಪಣೆಯೂ ಸಿಕ್ಕಿತು. ಹೈದರ್ ಹುಟ್ಟಿದ್ದು ಕೋಲಾರದ ಬಳಿಯ ಬೂದಿಕೋಟೆಯಲ್ಲಿ. ತಂದೆ ಫತೇ ಮಹಮ್ಮದ್ ಶಿರಾದ ನವಾಬರ ಚಾಕರಿಯಲ್ಲಿದ್ದು ಯುದ್ಧದಲ್ಲಿ ಸತ್ತವನು. ಶಿರಾ, ದೊಡ್ಡಬಳ್ಳಾಪುರ, ಕೋಲಾರದ ಈ ಬಯಲುಸೀಮೆಯಲ್ಲಿ ಯಾರು ಯಾವ ಕೆಲಸಕ್ಕೆ ಆಗುತ್ತಾರೆಂಬುದು ಅವನಿಗೆ ಬಾಲ್ಯದಿಂದಲೇ ತಿಳಿದಿತ್ತು. ಹಾಗಾಗಿ ತನ್ನ ತುಕಡಿಗೆ ಮೊದಲು ಆರಿಸಿಕೊಂಡವರಲ್ಲಿ ಬೇಡರು ಮುಖ್ಯರು.

ಬೇಡರನ್ನೇ ಏಕೆ? ಕಾಡಿನಲ್ಲಿ ಬೇಟೆಯಾಡಿ ಬೆಳೆದವನಿಗೆ ಹೆಜ್ಜೆ ಓದುವುದನ್ನು ಹೇಳಿಕೊಡಬೇಕಾಗಿಲ್ಲ. ಕತ್ತಲಲ್ಲಿ ಸದ್ದಿಲ್ಲದೆ ನಡೆಯುವುದು, ಗಾಳಿ ಬೀಸುವ ದಿಕ್ಕು ನೋಡಿ ಕೂರುವುದು, ಹಿಡಿ ಹಿಟ್ಟಿನಲ್ಲಿ ದಿನ ತಳ್ಳುವುದು ಅವನ ಬದುಕೇ ಆಗಿತ್ತು. ಚಿತ್ರದುರ್ಗದಿಂದ ಹಾಗಲವಾಡಿಯವರೆಗೆ ಪಾಳೆಯಗಾರರು ತಲೆಮಾರುಗಳಿಂದ ಇಂಥವರನ್ನೇ ನೆಚ್ಚಿಕೊಂಡಿದ್ದರು. ಹೈದರ್ ಹೊಸದಾಗಿ ಮಾಡಿದ್ದು ಅವರನ್ನು ಹುಡುಕಿದ್ದಲ್ಲ, ಅವರ ಕಸುಬಿಗೆ ಒಂದು ಲೆಕ್ಕಾಚಾರ ತಂದದ್ದು.

ಆ ಲೆಕ್ಕಾಚಾರದ ಫಲ ಬೇಗನೆ ಕಂಡಿತು. 1750ರ ಡಿಸೆಂಬರಿನಲ್ಲಿ ಸೆಂಜಿಯ ಹತ್ತಿರ ನಿಜಾಮ ನಾಸಿರ್ ಜಂಗ್ ತನ್ನ ಪಾಳೆಯದಲ್ಲೇ ಕೊಲೆಯಾದಾಗ ಎಲ್ಲರೂ ದಿಕ್ಕಾಪಾಲಾದರು. ಆ ಗದ್ದಲದಲ್ಲಿ ಹೈದರನ ಬೇಡರು ಖಜಾನೆಯ ಚಿನ್ನ ಹೊತ್ತ ಒಂಟೆಗಳನ್ನು ಹೊರಗೆ ಸಾಗಿಸಿದರು. ಮುಂದೆ ತಿರುಚಿನಾಪಳ್ಳಿಯ ದೀರ್ಘ ಕಾಳಗದಲ್ಲಿ ಇದು ಒಂದು ಪದ್ಧತಿಯೇ ಆಯಿತು. ತಂದ ಮಾಲನ್ನೆಲ್ಲ ಒಪ್ಪಿಸಬೇಕು, ಅರ್ಧ ಹೈದರನಿಗೆ, ಅರ್ಧ ತಂದವರಿಗೆ. ಓದುಬರಹ ಬಾರದ ಹೈದರನ ಪರವಾಗಿ ಖಂಡೇರಾಯನೆಂಬ ಬ್ರಾಹ್ಮಣ ಮುತ್ಸದ್ದಿ ಕಾಸುಕಾಸಿನ ಲೆಕ್ಕ ಇಡುತ್ತಿದ್ದ. ಮೈಸೂರಿನ ರೆಸಿಡೆಂಟನೂ ಆಗಿದ್ದ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಇದನ್ನು ಕಳ್ಳರ ವ್ಯವಸ್ಥೆಯೆಂದೇ ಬಣ್ಣಿಸುತ್ತಾನೆ. ಲೂಟಿ ಲೂಟಿಯೇ, ಸುಲಿಗೆಗೆ ಸಿಕ್ಕಿದ ಹಳ್ಳಿಯವನಿಗೆ ಅದರಲ್ಲಿ ಯಾವ ಸಮಾಧಾನವೂ ಇರಲಿಲ್ಲ. ಆದರೆ ಆ ಕಾಲದ ಯಾವ ದಂಡೂ ಲೂಟಿಯಿಲ್ಲದೆ ಬದುಕಿರಲಿಲ್ಲ. ಹೈದರನ ದಂಡಿನಲ್ಲಿ ಬೇರೆಯಾಗಿದ್ದದ್ದು ಇದು: ದೂರ ಹೋಗಿ ಬಂದವನು ಕಂಡದ್ದನ್ನೆಲ್ಲ ಹೇಳುತ್ತಿದ್ದ, ತಂದದ್ದನ್ನೆಲ್ಲ ಒಪ್ಪಿಸುತ್ತಿದ್ದ, ಪಾಲು ತಪ್ಪದೆ ಸಿಗುತ್ತದೆಂಬ ನಂಬಿಕೆಯಲ್ಲಿ ಮತ್ತೆ ಹೊರಡುತ್ತಿದ್ದ. ಒಂಟಿಯಾಗಿ ಶತ್ರುವಿನ ಬೆನ್ನ ಹಿಂದೆ ಸುಳಿದಾಡುವವನನ್ನು ಹೆದರಿಸಿ ದುಡಿಸಲಾಗದು, ಅವನು ತಿರುಗಿ ಬಾರದೆ ಇದ್ದುಬಿಡಬಹುದು. ಹೈದರ್ ಇದನ್ನು ಬಲ್ಲವನಾಗಿದ್ದ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗುವ ಹೊತ್ತಿಗೆ ಐವತ್ತು ಕುದುರೆ ಸಾವಿರದೈನೂರಾಗಿತ್ತು.

ಸವಾರರಲ್ಲಿ ಎರಡು ತರ. ಸರ್ಕಾರದ ಕುದುರೆ ಏರುವವನು ಬಾರ್ಗೀರ, ಸ್ವಂತ ಕುದುರೆ ತರುವವನು ಸಿಲ್ಲೇದಾರ. ಸಿಲ್ಲೇದಾರನಿಗೆ ಕುದುರೆಯೇ ಆಸ್ತಿ, ಅದು ಸತ್ತರೆ ಅವನ ಬದುಕೇ ಮುಳುಗಿತು. ಹಾಗಾಗಿ ಅವನು ತೋಪಿನ ಬಾಯಿಗೆ ನುಗ್ಗುವವನಲ್ಲ. ಬದಲಿಗೆ ಎಷ್ಟು ಹತ್ತಿರ ಹೋದರೆ ಗುಂಡು ತಾಕದು, ಎಷ್ಟು ಹೊತ್ತು ನಿಂತರೆ ಶತ್ರುವಿನ ಸಾಲುಗಳನ್ನು ಎಣಿಸಬಹುದು ಎಂಬ ಅಂದಾಜು ಅವನಲ್ಲಿ ತಾನಾಗಿ ಹುಟ್ಟುತ್ತಿತ್ತು. ನೋಡಿಬರುವ ಕೆಲಸಕ್ಕೆ ಬೇಕಾದ ಗುಣ ಅದೇ. ಕುದುರೆಯನ್ನೂ ಆಳನ್ನೂ ಹೈದರ್ ತಾನೇ ನಿಂತು ನೋಡುತ್ತಿದ್ದ. ಒಮ್ಮೆ ಕಂಡ ಮುಖವನ್ನೂ ಒಮ್ಮೆ ಕೇಳಿದ ಲೆಕ್ಕವನ್ನೂ ಮರೆಯದ ಅವನ ನೆನಪಿನ ಶಕ್ತಿಯನ್ನು ಶತ್ರುಗಳೂ ಒಪ್ಪಿದ್ದಾರೆ. ಇಂಥ ಯಜಮಾನನ ಮುಂದೆ ಸುಳ್ಳು ಸುದ್ದಿ ಹೇಳಿ ಪಾರಾಗುವುದು ಸುಲಭವಿರಲಿಲ್ಲ.

ಇವರ ತರಬೇತಿಗೆ ಶಾಲೆ ಇರಲಿಲ್ಲ, ಕವಾಯತು ಮೈದಾನ ಇರಲಿಲ್ಲ. ಬೇಡರ ಹುಡುಗ ಹಿರಿಯ ಬೇಡನ ಹಿಂದೆ ಹೋಗಿ ಕಲಿತ, ಸವಾರ ಬೆನ್ನಟ್ಟುತ್ತ ಓಡುತ್ತ ಕಲಿತ. 1761ರಲ್ಲಿ ಅಧಿಕಾರ ಹಿಡಿದ ಹೈದರ್, ನಿಜಾಮನ ಸೋದರ ಬಸಾಲತ್ ಜಂಗನಿಂದ ಶಿರಾದ ನವಾಬಗಿರಿಯನ್ನು ಪಡೆದು, ಸುತ್ತಲಿನ ಪಾಳೆಯಗಾರರನ್ನೆಲ್ಲ ಬಗ್ಗಿಸಿದ. ನಮ್ಮ ಸೀಮೆಯ ಗುಡ್ಡ, ಕಾವಲು, ಕೆರೆಯಂಗಳಗಳೇ ಬೇಡರ, ಸವಾರರ ಅಭ್ಯಾಸದ ನೆಲವಾದವು.

ಆ ಅಭ್ಯಾಸ ಎಲ್ಲಿಯವರೆಗೆ ಮುಟ್ಟಿತ್ತೆಂದು ಇಂಗ್ಲಿಷರಿಗೆ ಗೊತ್ತಾದದ್ದು 1769ರಲ್ಲಿ. ಮೊದಲ ಮೈಸೂರು ಯುದ್ಧ ಎರಡು ವರ್ಷ ನಡೆದಿತ್ತು. ಕರ್ನಲ್ ಜೋಸೆಫ್ ಸ್ಮಿತ್ ಎದುರುಬದುರಿನ ಕಾಳಗ ಗೆಲ್ಲುತ್ತಿದ್ದ, ಆದರೆ ಅವನ ಅಕ್ಕಿ ಮೂಟೆ, ಎತ್ತು, ಟಪಾಲು ಯಾವುದೂ ನೆಟ್ಟಗೆ ತಲುಪುತ್ತಿರಲಿಲ್ಲ. ಮಾರ್ಚಿ ಕೊನೆಯಲ್ಲಿ ಹೈದರ್ ತನ್ನ ದೊಡ್ಡ ದಂಡನ್ನೂ ತೋಪುಗಳನ್ನೂ ಹಿಂದಕ್ಕೆ ಕಳಿಸಿ, ಆರು ಸಾವಿರ ಆಯ್ದ ಸವಾರರನ್ನೂ ಇನ್ನೂರು ಕಾಲಾಳುಗಳನ್ನೂ ಇಟ್ಟುಕೊಂಡ. ಮೂರೂವರೆ ದಿನದಲ್ಲಿ ನೂರಮೂವತ್ತು ಮೈಲಿ ನಡೆದು ಮದರಾಸಿನ ಪರಂಗಿಮಲೆಯ ಮಗ್ಗುಲಲ್ಲಿ ನಿಂತ. ಬೆನ್ನಟ್ಟಿ ಬರುತ್ತಿದ್ದ ಸ್ಮಿತ್ ಹಿಂದೆಯೇ ಉಳಿದ. ಕೋಟೆ ಮುತ್ತಲು ಹೈದರನ ಬಳಿ ಒಂದು ತೋಪೂ ಇರಲಿಲ್ಲ, ಬೇಕಾಗಲೂ ಇಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಮದರಾಸಿನ ಕೌನ್ಸಿಲು ಅವನು ಹೇಳಿದಂತೆ ಒಪ್ಪಂದಕ್ಕೆ ಬಂತು. ಆ ಆರು ಸಾವಿರ ಜನಕ್ಕೆ ಹಳ್ಳ ದಾಟುವ ಜಾಗ, ಮೇವು ಸಿಗುವ ಊರು, ಸ್ಮಿತ್ ಆ ರಾತ್ರಿ ಎಲ್ಲಿ ಇಳಿದಿದ್ದಾನೆ ಎಂಬುದೆಲ್ಲ ಮೊದಲೇ ತಿಳಿದಿರದಿದ್ದರೆ ಮೂರೂವರೆ ದಿನ ಸಾಲುತ್ತಿರಲಿಲ್ಲ.

1780ರ ಪೊಳ್ಳಿಲೂರಿನ ಕಾಳಗ ಇದಕ್ಕಿಂತ ಸ್ಪಷ್ಟ. ಜುಲೈನಲ್ಲಿ ಹೈದರ್ ಘಟ್ಟ ಇಳಿದಾಗ ಮದರಾಸಿನವರು ಕೆಲಕಾಲ ನಂಬಲೇ ಇಲ್ಲ. ಇಂಗ್ಲಿಷ್ ದಂಡಿನ ಹೆಕ್ಟರ್ ಮನ್ರೋ ಕಂಚಿಯಲ್ಲಿದ್ದ, ಕರ್ನಲ್ ಬೈಲಿ ಅವನನ್ನು ಕೂಡಿಕೊಳ್ಳಲು ಉತ್ತರದಿಂದ ಬರುತ್ತಿದ್ದ. ನಡುವೆ ಬರೀ ಹದಿನಾಲ್ಕು ಮೈಲಿ, ಒಂದು ರಾತ್ರಿಯ ನಡಿಗೆ. ಬೈಲಿಗೆ ನೆರವಾಗಲು ಮನ್ರೋ ಸುಮಾರು ಸಾವಿರ ಮಂದಿಯೊಂದಿಗೆ ಕರ್ನಲ್ ಫ್ಲೆಚರನನ್ನು ಕಳಿಸಿದ. ದಾರಿ ತೋರಿಸುತ್ತಿದ್ದ ಹರಿಕಾರರು ಹೈದರನ ಕಡೆಯವರು. ಫ್ಲೆಚರ್ ಅನುಮಾನಗೊಂಡು, ರಾತ್ರಿ ದಾರಿ ಬದಲಿಸಿ, ಬೈಲಿಯನ್ನು ಸೇರಿಕೊಂಡ. ಆದರೆ ಉಳಿದ ಸುದ್ದಿಯೆಲ್ಲ ಹೈದರನ ಕೈಯಲ್ಲೇ ಇತ್ತು. ಮನ್ರೋ ಪಾಳೆಯ ಕೀಳುವ ಸೂಚನೆಯೇ ಇಲ್ಲವೆಂದು ಅವನ ಬೇಹಿನವರು ಹೇಳುತ್ತಲೇ ಇದ್ದರು. ಆ ಮಾತಿನ ಮೇಲೆ ಭರವಸೆಯಿಟ್ಟು ಮನ್ರೋನ ಮುಂದಿನಿಂದ ಇಡೀ ಸೈನ್ಯವನ್ನು ಕತ್ತಲಲ್ಲಿ ಎತ್ತಿ ಬೈಲಿಯ ಮೇಲೆ ತಂದ. ಸೆಪ್ಟೆಂಬರ್ 10ರ ಬೆಳಗ್ಗೆ ಬೈಲಿಯ ಮದ್ದಿನ ಬಂಡಿಗಳು ಸಿಡಿದವು, ಅವನ ಪಡೆಯೆಲ್ಲ ಸತ್ತಿತು ಇಲ್ಲವೆ ಸೆರೆಯಾಯಿತು. ಮನ್ರೋ ತನ್ನ ಭಾರಿ ತೋಪುಗಳನ್ನು ಕಂಚಿಯ ಕೆರೆಗೆ ನೂಕಿ ಮದರಾಸಿಗೆ ಓಡಿದ. ಶ್ರೀರಂಗಪಟ್ಟಣದ ದರಿಯಾದೌಲತ್ ಅರಮನೆಯ ಗೋಡೆಯ ಮೇಲೆ ಈ ಗೆಲುವಿನ ಚಿತ್ರವಿದೆ. ಹಿಂದಿನ ರಾತ್ರಿ ಓಡಾಡಿದವರನ್ನು ಯಾವ ಚಿತ್ರಗಾರ ತಾನೆ ಬರೆದಾನು?

ಸುಮಾರು ಒಂದೂವರೆ ವರ್ಷದ ಬಳಿಕ, 1782ರ ಫೆಬ್ರವರಿಯಲ್ಲಿ, ತಂಜಾವೂರಿನ ಸೀಮೆಯಲ್ಲಿ ಕರ್ನಲ್ ಬ್ರೇಥ್‌ವೇಟನ ಪಡೆಯನ್ನು ಟಿಪ್ಪು ಸುತ್ತುಗಟ್ಟಿದಾಗಲೂ ನಡೆದದ್ದು ಇದೇ. ಬ್ರೇಥ್‌ವೇಟ್ ನಂಬಿದ್ದ ಬೇಹಿನವರು ಮೈಸೂರಿನ ಸಂಬಳ ತಿನ್ನುತ್ತಿದ್ದರು. ಅದೇ ವರ್ಷ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ಹೈದರ್ ಸತ್ತಾಗ ಅವನ ಮಂತ್ರಿಗಳಾದ ಪೂರ್ಣಯ್ಯ ಮತ್ತು ಕೃಷ್ಣರಾಯರು ಸಾವನ್ನು ಮುಚ್ಚಿಟ್ಟು ಟಿಪ್ಪುವಿಗೆ ಸುದ್ದಿ ಅಟ್ಟಿದರು. ಟಿಪ್ಪು ಆಗ ಮಲಬಾರಿನ ಪೊನ್ನಾನಿಯ ಕಡೆ ಇದ್ದ. ಪರ್ಯಾಯ ದ್ವೀಪದ ಒಂದು ಅಂಚಿನಿಂದ ಇನ್ನೊಂದಕ್ಕೆ ಸುದ್ದಿ ನಾಲ್ಕೇ ದಿನದಲ್ಲಿ ಮುಟ್ಟಿತು. ಅವನು ಬಂದು ಸೇರುವವರೆಗೂ ಬೃಹತ್ ಸೈನ್ಯ ಕದಲದೆ ನಿಂತಿತ್ತು.

ಇಷ್ಟರಲ್ಲಿ ಒಂದು ದೊಡ್ಡ ತಿರುವು ಬಂದುಹೋಗಿತ್ತು. 1779ರಲ್ಲಿ ಚಿತ್ರದುರ್ಗ ಬಿತ್ತು. ಮದಕರಿ ನಾಯಕ ಸೆರೆಯಾದ. ದುರ್ಗದ ಬೇಡರು ಮತ್ತೆ ತಲೆ ಎತ್ತಬಾರದೆಂದು ಸುಮಾರು ಇಪ್ಪತ್ತು ಸಾವಿರ ಮಂದಿಯನ್ನು ಹೈದರ್ ಶ್ರೀರಂಗಪಟ್ಟಣಕ್ಕೆ ಎಬ್ಬಿಸಿಕೊಂಡು ಹೋದ. ಅವರ ಗಂಡುಮಕ್ಕಳನ್ನು ಬೇರ್ಪಡಿಸಿ, ಮತ ಬದಲಿಸಿ, ಚೇಲಾ ಪಲ್ಟಣಗಳಾಗಿ ಬೆಳೆಸಲಾಯಿತು. ಇಲ್ಲಿಯೂ ಆಯ್ಕೆ ಇತ್ತು, ತರಬೇತಿಯಂತೂ ಮೊದಲಿಗಿಂತ ಬಿಗಿಯಾಗಿತ್ತು. ಆದರೆ 1750ರ ಬೇಡ ಪಾಲಿಗಾಗಿ ಬಂದವನು, ಮನಸ್ಸಿದ್ದು ಬಂದವನು. 1779ರ ಹುಡುಗ ತಾಯಿಯ ಮಡಿಲಿನಿಂದ ಕಿತ್ತು ತಂದವನು. ಹೈದರನ ಸೇನೆಯ ಬಗ್ಗೆ ಎಷ್ಟು ಅಭಿಮಾನ ಇಟ್ಟುಕೊಂಡರೂ ಈ ಕೆಲಸವನ್ನು ಸಮರ್ಥಿಸಿಕೊಳ್ಳಲು ನನ್ನಿಂದಾಗದು. ಮುಂದೆ ಟಿಪ್ಪು ಕೊಡಗಿನಿಂದ ಸೆರೆ ತಂದವರಿಗೂ ಇದನ್ನೇ ಮಾಡಿದ.

ಟಿಪ್ಪು ಎಲ್ಲಕ್ಕೂ ನಿಯಮ ಬೇಕೆನ್ನುವ ಅರಸ. ಜೈನುಲ್ ಅಬಿದೀನ್ ಶುಸ್ತರಿ ಬರೆದ ‘ಫತ್‌ಹುಲ್ ಮುಜಾಹಿದೀನ್’ ಎಂಬ ಕೈಪಿಡಿಯಲ್ಲಿ ಕವಾಯತಿನ ಅಪ್ಪಣೆಗಳೆಲ್ಲ ಪಾರಸಿಯಲ್ಲಿ ಬಂದವು. ಕಾಲ್ದಳ ಬೆಳೆಯಿತು, ಕೋಟೆಗಳು ಗಟ್ಟಿಯಾದವು, ಅಶ್ವದಳದ ಪಾಲು ತಂದೆಯ ಕಾಲಕ್ಕಿಂತ ಇಳಿಯಿತು. ಇದೇ ಅವನ ಸೋಲಿನ ಮೂಲವೆನ್ನುವವರಿದ್ದಾರೆ. ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಒಟ್ಟಾದ ಮೇಲೆ ಎಷ್ಟು ಕುದುರೆಯಿದ್ದರೂ ಉಳಿಗಾಲವಿರಲಿಲ್ಲ ಎನ್ನುವವರೂ ಇದ್ದಾರೆ. 1791ರ ಮೇ ತಿಂಗಳನ್ನು ನೋಡಿದರೆ ಎರಡೂ ವಾದಗಳಲ್ಲಿ ಅರ್ಧರ್ಧ ಸತ್ಯ ಕಾಣುತ್ತದೆ.

ಮಾರ್ಚಿಯಲ್ಲಿ ಬೆಂಗಳೂರನ್ನು ಗೆದ್ದ ಇಂಗ್ಲಿಷರ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಮೇ ಮೊದಲಲ್ಲಿ ಶ್ರೀರಂಗಪಟ್ಟಣದತ್ತ ಹೊರಟ. ಟಿಪ್ಪುವಿನ ಹಗುರ ಸವಾರರು ಅವನ ಮುಂದೆ ಹಿಂದೆ ಎರಡೂ ಕಡೆ ಕವಿದುಕೊಂಡರು. ಮುಂದಿನವರು ಬಣವೆಗಳನ್ನು ಸುಟ್ಟು ಹಳ್ಳಿಗಳನ್ನು ತೆರವು ಮಾಡಿಸಿದರು, ಹಿಂದಿನವರು ದನಕರು, ಧಾನ್ಯ, ಟಪಾಲು ಹಿಡಿದರು. ಮೇ 15ರಂದು ಅರಕೆರೆಯ ಕಾಳಗವನ್ನು ಕಾರ್ನ್‌ವಾಲಿಸ್ ಗೆದ್ದ. ಗೆದ್ದವನಿಗೆ ತಿನ್ನಲು ಏನೂ ಉಳಿದಿರಲಿಲ್ಲ. ಎತ್ತುಗಳು ಸಾಲುಸಾಲಾಗಿ ಸತ್ತವು. ತೋಪುಗಳನ್ನು ಸಿಪಾಯಿಗಳೇ ಕನ್ನಂಬಾಡಿಯವರೆಗೆ ಎಳೆದರು. ಮುಂಗಾರು ಹಿಡಿಯಿತು, ಪಾಳೆಯದಲ್ಲಿ ಸಿಡುಬು ಹಬ್ಬಿತು. ಕೊನೆಗೆ ಕಾರ್ನ್‌ವಾಲಿಸ್ ಮುತ್ತಿಗೆಯ ತೋಪುಗಳನ್ನೆಲ್ಲ ತಾನೇ ಒಡೆಸಿ, ಮದ್ದುಗುಂಡನ್ನು ಹಾಳುಮಾಡಿಸಿ, ಬೆಂಗಳೂರಿನ ಕಡೆ ತಿರುಗಿದ.

ಮೇ 26ರಂದು ಅವನ ದಂಡು ಮೇಲುಕೋಟೆಯ ಕಡೆ ಹೊರಟಿದ್ದಾಗ ಎಡಮಗ್ಗುಲಲ್ಲಿ ಕುದುರೆಗಳ ಗುಂಪು ಕಾಣಿಸಿತು. ಮೈಸೂರಿನವರೆಂದೇ ತಿಳಿದು ಗುಂಡು ಹಾರಿಸಲು ಅಣಿಯಾದರು. ಅಷ್ಟರಲ್ಲಿ ಒಬ್ಬ ಸವಾರ ಮುಂದೆ ಬಂದು, ತಾವು ಮರಾಠರು, ಹಿಂದೆಯೇ ಹರಿಪಂತ ಫಡ್ಕೆ ಮತ್ತು ಪರಶುರಾಮ ಭಾವುವಿನ ಎರಡು ದಂಡುಗಳು ಬರುತ್ತಿವೆ ಎಂದ. ಅವೆರಡೂ ನಾಗಮಂಗಲದ ಬಳಿ ಕೂಡಿಕೊಂಡು ಇಳಿದಿದ್ದವು. ನೊಣವಿನಕೆರೆ, ತುರುವೇಕೆರೆಗಳ ಮಗ್ಗುಲಿಗೇ ಬಿದ್ದಿರುವ ಸೀಮೆ ಅದು. ಸಾವಿರಾರು ಕುದುರೆ, ಬಜಾರು, ಧಾನ್ಯದ ಎತ್ತುಗಳ ಸಾಲು ಇದ್ದ ಸೈನ್ಯ ಒಂದು ದಿನದ ದಾರಿಯಷ್ಟು ಹತ್ತಿರ ಬಂದಿದ್ದರೂ ಕಾರ್ನ್‌ವಾಲಿಸನಿಗೆ ಗಾಳಿಸುದ್ದಿಯೂ ಮುಟ್ಟಿರಲಿಲ್ಲ. ಮರಾಠರು ಕಳಿಸಿದ ಪತ್ರ ಒಂದಾದರೂ ತಲುಪಿರಲಿಲ್ಲ, ದಾರಿ ಕಾಯುತ್ತಿದ್ದ ಮೈಸೂರಿನವರು ಹೋಗುವವರನ್ನೂ ಬರುವವರನ್ನೂ ಹಿಡಿದುಹಾಕಿದ್ದರು. ಒಂದು ವಾರ ಮುಂಚೆ ಒಬ್ಬನೇ ಒಬ್ಬ ಹರಿಕಾರ ನುಸುಳಿ ಹೋಗಿದ್ದರೆ ತೋಪುಗಳು ಉಳಿಯುತ್ತಿದ್ದವು, ಶ್ರೀರಂಗಪಟ್ಟಣ ಆ ವರ್ಷವೇ ಮುತ್ತಿಗೆಗೆ ಸಿಗುತ್ತಿತ್ತು. ನನ್ನ ಎಣಿಕೆಯಲ್ಲಿ ಪೊಳ್ಳಿಲೂರಿಗಿಂತ ದೊಡ್ಡ ಸಾಧನೆ ಇದು. ಮೈಸೂರಿಗೆ ಎಂಟು ತಿಂಗಳ ಆಯುಸ್ಸು ಕೊಟ್ಟವರು ನಾಗಮಂಗಲದ ಸುತ್ತಿನ ಕಾಡುದಾರಿಗಳಲ್ಲಿ ಹೊಂಚಿದ್ದ ಆ ಹೆಸರಿಲ್ಲದ ಜನ.

ಇದಕ್ಕೆ ಬೆಲೆ ತೆತ್ತವರು ಯಾರೆಂಬುದನ್ನೂ ಹೇಳಬೇಕು. ಶತ್ರುವಿಗೆ ಕಾಳು ಸಿಗಬಾರದೆಂದು ಸುಟ್ಟ ಬಣವೆ ರೈತನದು. ಮೈಸೂರಿನವರು ಬಿಟ್ಟದ್ದನ್ನು ಮರಾಠರು ಹೊತ್ತರು. ಪರಶುರಾಮ ಭಾವುವಿನ ದಂಡು ಚಿಕ್ಕನಾಯಕನಹಳ್ಳಿಯನ್ನು ಸೂರೆ ಮಾಡಿತು. ಒಂಬತ್ತು ವರ್ಷ ಕಳೆದು 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕಡೆ ಬಂದು ತೆಂಗಿನ ಬೇಸಾಯ, ಸಂತೆ, ಮಣ್ಣು ಎಲ್ಲ ಬರೆದುಕೊಳ್ಳುವಾಗಲೂ ಆ ಹಾವಳಿಯ ಗುರುತು ಮಾಸಿರಲಿಲ್ಲ. ತೆಂಗಿನ ಸಸಿ ನೆಟ್ಟವನು ಫಲಕ್ಕೆ ವರ್ಷಗಟ್ಟಲೆ ಕಾಯಬೇಕು, ದಂಡು ಬೆಂಕಿಯಿಟ್ಟು ಹೋಗಲು ಒಂದು ಹೊತ್ತು ಸಾಕು.

ಇಂಗ್ಲಿಷರು ಪಾಠ ಕಲಿತಿದ್ದರು. ಆಂಬೂರಿನಲ್ಲಿ ಕುಳಿತು ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮೈಸೂರಿನ ಒಳಗೆ ಬೇಹಿನ ಬಲೆ ಹೆಣೆದಿದ್ದ, ಮುಂದೆ ಮದರಾಸಿನ ಗವರ್ನರಾದ ಥಾಮಸ್ ಮನ್ರೋ ಅವನ ಕೈಕೆಳಗಿದ್ದ. ಬಂಜಾರರ ಎತ್ತಿನ ಸಾಲುಗಳನ್ನು ರೀಡ್ ಒಲಿಸಿಕೊಂಡ. ಮರಾಠ ಮತ್ತು ನಿಜಾಮರ ಕುದುರೆಗಳು ಸುತ್ತಲೂ ನಿಂತ ಮೇಲೆ ಮೈಸೂರಿನ ಸವಾರರಿಗೆ ಹತ್ತಿರ ಸುಳಿಯುವ ಜಾಗವೇ ಉಳಿಯಲಿಲ್ಲ. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್ ತೋಪುಗಳಿಲ್ಲದೆ ಮೂರು ಸಾಲಾಗಿ ಟಿಪ್ಪುವಿನ ಪಾಳೆಯದ ಮೇಲೆ ಬಿದ್ದ. ಉಳಿದ ದಂಡುಗಳು ಬಂದು ಸೇರುವವರೆಗೆ ದಾಳಿಯಾಗದೆಂದು ಟಿಪ್ಪು ನಂಬಿಕೊಂಡಿದ್ದ. ನಲವತ್ತು ವರ್ಷ ಬೇರೆಯವರನ್ನು ಕತ್ತಲಲ್ಲಿಟ್ಟ ಸೈನ್ಯ ತಾನೇ ಕತ್ತಲಲ್ಲಿತ್ತು. ಆ ಗೊಂದಲದಲ್ಲಿ ಸೆರೆಯಿಂದ ತಂದು ಚೇಲಾ ಮಾಡಿದ್ದ ಸಾವಿರಾರು ಕೊಡವರು ಊರಿನ ದಾರಿ ಹಿಡಿದರು. ಬಲವಂತದ ತರಬೇತಿ ಒಂದೇ ರಾತ್ರಿಯಲ್ಲಿ ಕಳಚಿಬಿತ್ತು. ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾದರು.

1799ರದ್ದು ಬೇಗ ಮುಗಿದ ಕತೆ. ಮಳವಳ್ಳಿಯ ಕಾಳಗದ ನಂತರ ಜನರಲ್ ಹ್ಯಾರಿಸ್ ಹಳೆಯ ದಾರಿಯಲ್ಲೇ ಬರುತ್ತಾನೆಂದು ಟಿಪ್ಪು ಅಲ್ಲಿಯ ಮೇವನ್ನೆಲ್ಲ ನಾಶಮಾಡಿಸಿ ಕಾದ. ಹ್ಯಾರಿಸ್ ಸೋಸಲೆಯ ಬಳಿ ಕಾವೇರಿ ದಾಟಿ ಆಚೆ ದಡಕ್ಕೆ ಹೋಗಿಬಿಟ್ಟ. ತಡೆಯಲು ಯಾರೂ ಇರಲಿಲ್ಲ. ಹೊಳೆಯ ಆ ಕಡವನ್ನು ಕಾಯಲು ನೂರು ಹಳೆಯ ಬೇಡರಿದ್ದಿದ್ದರೆ ಸುದ್ದಿಯಾದರೂ ಮುಟ್ಟುತ್ತಿತ್ತು. ಮೇ 4ರಂದು ಕೋಟೆ ಬಿತ್ತು.

ಕೋಟೆ ಬಿದ್ದ ದಿನವೇ ಸೆರೆಮನೆಯಿಂದ ಹೊರಬಂದವರಲ್ಲಿ ಚನ್ನಗಿರಿಯ ಧೋಂಡಿಯಾ ವಾಘ್ ಒಬ್ಬ. ಅವನೂ ಒಂದು ಕಾಲದ ಹೈದರನ ಸವಾರ. ಕೆಲಸ ಕಳೆದುಕೊಂಡ ಸಿಲ್ಲೇದಾರರು ತಂಡತಂಡವಾಗಿ ಅವನ ಹಿಂದೆ ಹೋದರು. ಕುದುರೆಯಿದೆ, ಕಸುಬು ಗೊತ್ತಿದೆ, ಸಂಬಳ ಕೊಡುವವನಿಲ್ಲ. ಅವನನ್ನು ಹಿಡಿಯಲು ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ತುಂಗಭದ್ರೆ ಮಲಪ್ರಭೆಗಳ ನಡುವೆ ಅಲೆದ, 1800ರ ಸೆಪ್ಟೆಂಬರ್ 10ರಂದು ಕೊಂದ. ದಿವಾನ್ ಪೂರ್ಣಯ್ಯ ಮಿಕ್ಕ ಸವಾರರನ್ನು ಮೈಸೂರಿನ ಸಿಲ್ಲೇದಾರ್ ಪಡೆಯಾಗಿ ಕಟ್ಟಿ ಅನ್ನದ ದಾರಿ ಮಾಡಿದ. 1803ರಲ್ಲಿ ಅವರು ವೆಲ್ಲೆಸ್ಲಿಯ ಜೊತೆ ದಖ್ಖನಿಗೆ ಹೋದರು. ನಾಲ್ಕು ಸಾವಿರ ಕುದುರೆ ಇಡಬೇಕೆಂದು 1807ರ ಒಪ್ಪಂದದಲ್ಲೇ ಸೇರಿತು. ಈ ಸಿಲ್ಲೇದಾರರ ಪರಂಪರೆಯ ನೆಲದಲ್ಲೇ 1892ರಲ್ಲಿ ಮೈಸೂರು ಲ್ಯಾನ್ಸರ್ಸ್ ಎದ್ದಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾರ್ಮೆಲ್ ಬೆಟ್ಟದ ತೋಪುಗಳ ಮೇಲೆ ಏರಿಹೋದವರಲ್ಲಿ ಅವರಿದ್ದರು. 1953ರಲ್ಲಿ ದೇಶದ 61ನೆಯ ಕ್ಯಾವಲ್ರಿಯಾಗಿ ಒಂದಾದ ಸಂಸ್ಥಾನಗಳ ಅಶ್ವದಳಗಳಲ್ಲಿ ಮೈಸೂರಿನದೂ ಸೇರಿತು.

ಬೇಡರಿಗೆ ಇಂಥ ಮುಂದುವರಿಕೆ ಸಿಗಲಿಲ್ಲ. ಕೋಟೆ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಕಾವಲಿ ವೆಂಕಟ ಬೋರಯ್ಯನಂಥ ಸಹಾಯಕರೊಂದಿಗೆ ಮೈಸೂರಿನ ಮೋಜಣಿಗೆ ಇಳಿದ. ಕೆರೆ, ಹಳ್ಳ, ಕಣಿವೆ, ಕಾಲುದಾರಿ ಎಲ್ಲ ಕಾಗದಕ್ಕೆ ಬಂತು. ಒಬ್ಬ ಬೇಡನ ತಲೆಯಲ್ಲಿದ್ದದ್ದು ಯಾವ ಅಧಿಕಾರಿಯ ಮೇಜಿನ ಮೇಲಾದರೂ ಹರಡಬಹುದಾದ ನಕ್ಷೆಯಾಯಿತು. ಅದೇ ಮೆಕೆಂಜಿಯ ಕಡೆಯವರು ಊರೂರಲ್ಲಿ ಕೇಳಿ ಬರೆಸಿದ ಪಾಳೆಯಗಾರರ ಕೈಫಿಯತ್ತುಗಳು ಉಳಿದಿವೆ, ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಸಂಪುಟದಲ್ಲಿ ಅವನ್ನು ಓದಬಹುದು. ವಿಲ್ಕ್ಸ್ ಬರೆದದ್ದು ಗೆದ್ದವರ ಕಡೆಯಿಂದ, ಟಿಪ್ಪುವಿನ ಆಸ್ಥಾನದ ಚರಿತ್ರಕಾರ ಕಿರ್ಮಾನಿ ಬರೆದದ್ದು ದರ್ಬಾರಿನ ಕಡೆಯಿಂದ. ಶಿರಾದಿಂದ ನಾಗಮಂಗಲದವರೆಗಿನ ಹಳ್ಳಿಗಳಲ್ಲಿ ಯಾವ ಮನೆತನದವರು ಯಾರ ಬೇಹಿಗೆ ಹೋಗಿದ್ದರು, ಯಾವ ಬಾರೆಯ ಮೇಲೆ ಕಾವಲಿತ್ತು ಎಂಬುದನ್ನು ಈ ಕೈಫಿಯತ್ತುಗಳನ್ನೂ ಊರಿನ ವೀರಗಲ್ಲುಗಳನ್ನೂ ಹಿರಿಯರ ಬಾಯಿಮಾತನ್ನೂ ಜೊತೆಗಿಟ್ಟುಕೊಂಡು ಹುಡುಕಬೇಕು. ತಿಪಟೂರು, ತುರುವೇಕೆರೆ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ಕೈಹಾಕಿದರೆ ಆಗುವ ಕೆಲಸ ಇದು.